ಡೇರೆಯೊಳಗೆ ಬೆಳೆದ ಮನೆತನಗಳು

ಪರಂಪರೆ ಎಂದರೆ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ವಿದ್ಯೆ ಎಂಬ ರೂಢಿಯ ತಿಳಿವಳಿಕೆಗೆ ಭಾರತದ ಸರ್ಕಸ್ಸಿನ ಚರಿತ್ರೆ ಪೂರ್ತಿಯಾಗಿ ಒಗ್ಗುವುದಿಲ್ಲ. ಯುರೋಪಿನಲ್ಲಿ ಸರ್ಕಸ್ಸಿನ ಹೆಸರು ಬಹುಮಟ್ಟಿಗೆ ಒಂದು ವಂಶದ ಹೆಸರೇ ಆಗಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ನೀ ಮನೆತನವು 1803ರಿಂದ ಈಚೆಗೆ ತಲೆಮಾರುಗಟ್ಟಲೆ ಇದೇ ವೃತ್ತಿಯಲ್ಲಿ ನಡೆದುಬಂದಿದ್ದು, ಅಲ್ಲಿ ಯಜಮಾನನೂ ಕುದುರೆ ಪಳಗಿಸುವವನೂ ಹಗ್ಗದ ಮೇಲೆ ನಡೆಯುವವಳೂ ಒಂದೇ ರಕ್ತದವರಾಗಿರುವುದು ಸೋಜಿಗದ ಸಂಗತಿಯೇನಲ್ಲ. ಭಾರತದಲ್ಲಾದರೋ ಸರ್ಕಸ್ ಕಟ್ಟಿದವರು ಸಂಸ್ಥಾನವೊಂದರ ಅಶ್ವಶಾಲೆಯ ಮೇಲ್ವಿಚಾರಕ, ಶಾಲೆಯೊಂದರ ವ್ಯಾಯಾಮದ ಮೇಷ್ಟ್ರು, ಕಲ್ಕತ್ತೆಯ ಅಖಾಡಗಳಲ್ಲಿ ಮೈ ಹುರಿಗೊಳಿಸಿಕೊಂಡ ವಿದ್ಯಾವಂತ ತರುಣರು. ಇವರಲ್ಲಿ ಯಾರೂ ಸರ್ಕಸ್ಸಿನ ಮನೆಯಲ್ಲಿ ಹುಟ್ಟಿದವರಲ್ಲ, ಏಕೆಂದರೆ ಅಂಥ ಮನೆಯೇ ಆಗ ಇರಲಿಲ್ಲ. ಮೊದಲ ತಲೆಮಾರು ಬಂದದ್ದು ಗರಡಿ ಮತ್ತು ಶಾಲೆಗಳಿಂದ. ಮದುವೆ, ಮಕ್ಕಳು, ಬೀಗತನ, ಸೋದರಸಂಬಂಧಗಳೆಲ್ಲ ಆಮೇಲೆ ಡೇರೆಯೊಳಗೆ ಬೆಳೆದುಕೊಂಡವು. ಈ ಅನುಕ್ರಮವನ್ನು ಮರೆಯದೆ ನೋಡಿದರೆ ಸರ್ಕಸ್ ಸಮುದಾಯದ ಬದುಕಿನ ಅನೇಕ ವಿಶೇಷಗಳೂ ಅದರ ಇಂದಿನ ಕುಸಿತದ ಬಗೆಯೂ ಹೆಚ್ಚು ಸ್ಪಷ್ಟವಾಗುತ್ತವೆ.

ಹಗ್ಗದ ನಡಿಗೆ, ಗಳದ ತುದಿಯ ಸಮತೋಲ, ಲಾಗಪಲ್ಟಿಗಳು ಈ ನೆಲಕ್ಕೆ ಹೊಸವಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಕರ್ನಾಟಕದ ದೊಂಬರು, ಮಹಾರಾಷ್ಟ್ರದ ಕೊಲ್ಹಾಟಿಗಳು, ಉತ್ತರ ಭಾರತದ ನಟ ಸಮುದಾಯದವರು ಇವನ್ನು ಶತಮಾನಗಳಿಂದ ಕುಲವಿದ್ಯೆಯಾಗಿ ಕಾಪಾಡಿಕೊಂಡು, ಊರ ಬಯಲಿನಲ್ಲಿ ಡೋಲು ಬಾರಿಸಿ ಜನ ಸೇರಿಸಿ, ನೋಡಿದವರು ಕೊಟ್ಟ ಕಾಳುಕಾಸಿನಲ್ಲಿ ಜೀವಿಸುತ್ತ ಬಂದವರು. ಆದರೆ ಸರ್ಕಸ್ ಎಂಬುದು ಬರಿಯ ಕಸರತ್ತಲ್ಲ. ಸುತ್ತ ಪರದೆ ಕಟ್ಟಿ ಟಿಕೆಟ್ ಮಾರುವ, ಕುದುರೆ ಮತ್ತು ಕಾಡುಪ್ರಾಣಿಗಳನ್ನು ಸಾಕುವ, ನೂರಾರು ಜನರಿಗೆ ಸಂಬಳ ಕೊಡುವ ವ್ಯಾಪಾರ. ಅದಕ್ಕೆ ಬೇಕಾದ ಬಂಡವಾಳವೂ ರಾಜಾಶ್ರಯದ ನಂಟೂ ದೊಂಬರಿಗೆ ಇರಲಿಲ್ಲವಾದ್ದರಿಂದ, ವಿದ್ಯೆ ಅವರಲ್ಲೇ ಇದ್ದರೂ ಯಜಮಾನಿಕೆ ಬೇರೆಯವರ ಪಾಲಾಯಿತು. ಒಂದು ದೃಷ್ಟಿಯಿಂದ ಇದು ಭಾರತದ ಸರ್ಕಸ್ಸಿನ ಮೊದಲ ಅನ್ಯಾಯವೆಂದೇ ಹೇಳಬಹುದು.

ಇಂಗ್ಲೆಂಡಿನಲ್ಲಿ ಈ ಕಲೆಗೆ ರೂಪ ಕೊಟ್ಟವನು ಸೈನ್ಯದಲ್ಲಿ ಕುದುರೆ ಸವಾರನಾಗಿದ್ದ ಫಿಲಿಪ್ ಆಸ್ಟ್ಲಿ. 1768ರಲ್ಲಿ ಲಂಡನ್ನಿನಲ್ಲಿ ಸವಾರಿಯ ಪ್ರದರ್ಶನ ಆರಂಭಿಸಿದ ಅವನು ಕುದುರೆಯನ್ನು ನೇರವಾಗಿ ಓಡಿಸುವ ಬದಲು ದುಂಡಗಿನ ಕಣದಲ್ಲಿ ಓಡಿಸಿದ. ವೃತ್ತದಲ್ಲಿ ಓಡುವ ಕುದುರೆ ಒಳಮುಖವಾಗಿ ವಾಲುತ್ತದೆ, ಅದರ ಬೆನ್ನ ಮೇಲೆ ನಿಂತವನೂ ಅಷ್ಟೇ ವಾಲಿದರೆ ಹೊರಕ್ಕೆಳೆಯುವ ಬಲವೂ ಅವನ ತೂಕವೂ ಪರಸ್ಪರ ಸರಿದೂಗಿ ಕಾಲು ಕುದುರೆಯ ಬೆನ್ನಿಗೇ ಒತ್ತಿಕೊಳ್ಳುತ್ತದೆ. ಹೀಗಾಗಿ ನೇರ ಓಟಕ್ಕಿಂತ ವೃತ್ತದ ಓಟದಲ್ಲಿ ನಿಲ್ಲುವುದು ಸುಲಭ. ಹಲವು ಅಳತೆಗಳನ್ನು ಪರೀಕ್ಷಿಸಿ ಆಸ್ಟ್ಲಿ ಗೊತ್ತುಪಡಿಸಿಕೊಂಡ 42 ಅಡಿ ವ್ಯಾಸದ ಕಣ, ಅಂದರೆ ಸರ್ಕಸ್ಸಿನವರು ರಿಂಗ್ ಎಂದು ಕರೆಯುವ ಜಾಗ, ಕುದುರೆಗಳು ಕಣ್ಮರೆಯಾದ ಮೇಲೂ ಜಗತ್ತಿನ ಎಷ್ಟೋ ಡೇರೆಗಳಲ್ಲಿ ಅದೇ ಅಳತೆಯಲ್ಲಿ ಉಳಿದಿದೆ.

ಈ ಕಲೆ ಭಾರತೀಯರ ಕೈಗೆ ಬಂದದ್ದೂ ಕುದುರೆಯ ಮೂಲಕವೇ. ಇಂದಿನ ಕೊಲ್ಹಾಪುರ ಜಿಲ್ಲೆಯಲ್ಲಿ, ಬೆಳಗಾವಿ ಸೀಮೆಯ ಅಂಚಿನಲ್ಲಿರುವ ಕುರುಂದವಾಡವು ಆಗ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು; ನಮ್ಮ ಜಮಖಂಡಿಯನ್ನು ಆಳುತ್ತಿದ್ದವರೂ ಇದೇ ಮನೆತನದ ಇನ್ನೊಂದು ಶಾಖೆಯವರು. ಕುರುಂದವಾಡದ ಅರಸರ ಕುದುರೆಲಾಯದ ಮೇಲ್ವಿಚಾರಕರಾಗಿದ್ದ ವಿಷ್ಣುಪಂತ ಛತ್ರೆಯವರು ಇಟಲಿಯ ಕಿಯಾರಿನಿ ಎಂಬಾತನ ಸರ್ಕಸ್ಸನ್ನು 1879ರಲ್ಲಿ ಮುಂಬಯಿಯಲ್ಲಿ ಕಂಡರು. ಭಾರತೀಯರಿಗೆ ಇಂಥ ವಿದ್ಯೆ ಇನ್ನೂ ದೂರ ಎಂಬರ್ಥದ ಮಾತನ್ನು ಕಿಯಾರಿನಿ ಆಡಿದನೆಂದೂ ಛತ್ರೆಯವರು ಅದನ್ನು ಸವಾಲಾಗಿ ತೆಗೆದುಕೊಂಡರೆಂದೂ ಸರ್ಕಸ್ ವಲಯದಲ್ಲಿ ಪ್ರತೀತಿಯಿದೆ. ಮಾತು ನಿಜವೋ ಕಟ್ಟಿದ್ದೋ, ಮರುವರ್ಷ, 1880ರ ಮಾರ್ಚ್ 20ರಂದು, ಛತ್ರೆಯವರ ಗ್ರೇಟ್ ಇಂಡಿಯನ್ ಸರ್ಕಸ್ ಮುಂಬಯಿಯಲ್ಲಿ ಮೊದಲ ಪ್ರದರ್ಶನ ಕೊಟ್ಟದ್ದು ಮಾತ್ರ ಚರಿತ್ರೆ. ಬಂಗಾಳದಲ್ಲಿ ಪ್ರಿಯನಾಥ ಬೋಸರು 1887ರಲ್ಲಿ ಕಟ್ಟಿದ ಗ್ರೇಟ್ ಬೆಂಗಾಲ್ ಸರ್ಕಸ್ಸಿನಲ್ಲಿ ಸುಶೀಲಾಸುಂದರಿ ಎಂಬ ಕಲಾವಿದೆ ಹುಲಿಗಳೊಡನೆ ಪ್ರದರ್ಶನ ನೀಡಿ ಹೆಸರಾದಳು. ನಾಟಕದ ರಂಗಕ್ಕೆ ಹೆಣ್ಣು ಬರುವುದೇ ವಿವಾದವಾಗಿದ್ದ ಕಾಲದಲ್ಲಿ ಆಕೆ ಹುಲಿಯ ಬೋನಿನೊಳಗೆ ಹೋಗುತ್ತಿದ್ದಳೆಂಬುದನ್ನು ನೆನೆಯಬೇಕು.

ಛತ್ರೆಯವರ ತಂಡ ಊರೂರು ಸುತ್ತುತ್ತ ಮಲಬಾರಿನ ತಲಶ್ಶೇರಿಗೆ ಬಂದಾಗ ನಡೆದ ಒಂದು ಭೇಟಿಯೇ ಭಾರತದ ಸರ್ಕಸ್ ಸಮುದಾಯದ ನಿಜವಾದ ಆರಂಭ. ಅಲ್ಲಿ ಕೀಲೇರಿ ಕುಂಞಿಕಣ್ಣನ್ ಎಂಬವರು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದರು; ಮಂಗಳೂರಿನಲ್ಲಿ ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿ ಕನ್ನಡ ನಾಡಿಗೆ ಪರಿಚಿತವಾಗಿರುವ ಅದೇ ಮಿಷನ್ ಇದು. ಮಲಬಾರಿನ ಸಾಂಪ್ರದಾಯಿಕ ಯುದ್ಧವಿದ್ಯೆಯಾದ ಕಳರಿಪ್ಪಯಟ್ಟಿನಲ್ಲಿ ನುರಿತಿದ್ದ ಅವರು ಪಾಶ್ಚಾತ್ಯ ಜಿಮ್ನಾಸ್ಟಿಕ್ಸನ್ನೂ ಬಲ್ಲವರಾಗಿದ್ದರು. ಸರ್ಕಸ್ಸಿಗೆ ಬೇಕಾದ ಕಲಾವಿದರನ್ನು ತಯಾರುಮಾಡಿಕೊಡುವ ಹೊಣೆಯನ್ನು ವಹಿಸಿಕೊಂಡ ಅವರು 1901ರಲ್ಲಿ ತಲಶ್ಶೇರಿಯ ಬಳಿ ಚಿರಕ್ಕರದಲ್ಲಿ ತರಬೇತಿ ಶಾಲೆಯನ್ನೇ ತೆರೆದರು. ಶಿಷ್ಯರಲ್ಲಿ ಒಬ್ಬರಾದ ಪರಿಯಾಳಿ ಕಣ್ಣನ್ 1904ರಲ್ಲಿ ಸ್ವಂತ ಸರ್ಕಸ್ ಕಟ್ಟಿದರೆ, ಇನ್ನೊಬ್ಬರು ಹಗ್ಗದ ಮೇಲೆ ಪುಟಿದು ಪಲ್ಟಿ ಹೊಡೆಯುವ ವಿದ್ಯೆಯಿಂದ ಕಣ್ಣನ್ ಬೊಂಬಾಯೊ ಎಂಬ ಹೆಸರಿನಲ್ಲಿ ಯುರೋಪ್, ಅಮೆರಿಕಗಳಲ್ಲೆಲ್ಲ ಪ್ರಸಿದ್ಧರಾದರು. 1939ರಲ್ಲಿ ಕುಂಞಿಕಣ್ಣನ್ ತೀರಿಕೊಂಡ ಮೇಲೆ ಅವರ ಶಿಷ್ಯ ಎಂ. ಕೆ. ರಾಮನ್ ಆ ಪಾಠವನ್ನು ಮುಂದುವರಿಸಿದರು. ಗುರುವನ್ನು ಇವರು ಕರೆಯುತ್ತಿದ್ದದ್ದು ಟೀಚರ್ ಎಂದೇ. ಉಸ್ತಾದನೆಂಬ ಹೆಸರು ಉತ್ತರದವರದು.

ಈ ಶಾಲೆಗೆ ಸೇರಿದವರಲ್ಲಿ ಹೆಚ್ಚಿನವರು ತಿಯ್ಯ ಮೊದಲಾದ ಸಮುದಾಯಗಳ ಬಡ ಮನೆಗಳ ಹುಡುಗರು. ಜಾತಿಯ ಕಟ್ಟು ಬಿಗಿಯಾಗಿದ್ದ ಆ ಕಾಲದ ಮಲಬಾರಿನಲ್ಲಿ ಜಮೀನಿಲ್ಲದ ಹುಡುಗನೊಬ್ಬ ಬರಿಯ ಮೈಬಲದಿಂದ ಸಂಬಳ ಗಳಿಸಿ, ರೈಲು ಹತ್ತಿ, ಹಡಗು ಹತ್ತಿ ಬೇರೆ ನಾಡಿನಲ್ಲಿ ಚಪ್ಪಾಳೆ ಗಿಟ್ಟಿಸುವುದಕ್ಕೆ ಇದ್ದ ದಾರಿ ಇದೊಂದೇ ಎನ್ನುವಷ್ಟು ವಿರಳವಾಗಿತ್ತು. ಡೇರೆಯೊಳಗೆ ಯಾರ ಜಾತಿ ಯಾವುದೆಂಬುದಕ್ಕಿಂತ ಯಾರ ಕೈ ಎಷ್ಟು ಗಟ್ಟಿ ಎಂಬುದೇ ಮುಖ್ಯವಾದ್ದರಿಂದ, ಅಲ್ಲಿ ಊರಿನ ಕಟ್ಟಳೆಗಳು ಸಡಿಲವಾದವು, ಪೂರ್ತಿ ಇಲ್ಲವಾಗದಿದ್ದರೂ.

ಉತ್ತರ ಮಲಬಾರಿನ ತಿಯ್ಯರಲ್ಲಿ ಮರುಮಕ್ಕತ್ತಾಯ, ಎಂದರೆ ತುಳುನಾಡಿನ ಅಳಿಯಸಂತಾನಕ್ಕೆ ಸಮನಾದ ಪದ್ಧತಿ, ರೂಢಿಯಲ್ಲಿತ್ತು. ಆಸ್ತಿಯೂ ಮನೆತನದ ಹೆಸರೂ ತಾಯಿಯ ಕಡೆಯಿಂದ ಇಳಿಯುವ ಈ ವ್ಯವಸ್ಥೆಯಲ್ಲಿ ಮಗುವಿನ ಹಿರಿಯ ಎಂದರೆ ಸೋದರಮಾವ. ಸರ್ಕಸ್ಸಿನಲ್ಲಿಯೂ ವಿದ್ಯೆ ಮತ್ತು ಯಜಮಾನಿಕೆ ಮಾವನಿಂದ ಅಳಿಯನಿಗೆ ದಾಟಿದ್ದುಂಟು. ಗ್ರೇಟ್ ಬಾಂಬೆ ಸರ್ಕಸ್ಸನ್ನು ದೊಡ್ಡದಾಗಿ ಬೆಳೆಸಿದ ಕೆ. ಎಂ. ಕುಂಞಿಕಣ್ಣನ್ ಕೀಲೇರಿಯವರ ಸೋದರಳಿಯನೇ. ಮಾತೃಮೂಲದ ರೂಢಿಯಿಲ್ಲದ ಮರಾಠಿ ನಾಡಿನಲ್ಲಿಯೂ ಪುಣೆಯ ದಾಮೂ ಧೋತ್ರೆ ಎಂಬ ಹುಡುಗ ಮಾವನ ಸರ್ಕಸ್ಸಿಗೆ ಸೇರಿಕೊಂಡೇ ಪ್ರಾಣಿಗಳ ನಡುವೆ ಬೆಳೆದ. ಮುಂದೆ ಆತ ಅಮೆರಿಕದ ರಿಂಗ್ಲಿಂಗ್ ಸರ್ಕಸ್ಸಿನಲ್ಲಿ ಚಿರತೆ, ಕರಿಚಿರತೆಗಳನ್ನು ಆಡಿಸಿ ಜಗತ್ತಿನ ಅಗ್ರಮಾನ್ಯ ರಿಂಗ್ ಮಾಸ್ಟರುಗಳಲ್ಲಿ ಒಬ್ಬನೆನಿಸಿದ. ತಂದೆ ತನ್ನ ಮಗನನ್ನು ಬೀಳಲು ಬಿಡಲಾರ, ಮಾವನಾದರೆ ಕಟ್ಟುನಿಟ್ಟಾಗಿರಬಲ್ಲ ಎಂಬ ಸರಳ ಕಾರಣವೂ ಇದರ ಹಿಂದೆ ಇದ್ದಿರಬಹುದು.

ಒಬ್ಬ ಸಾಮಾನ್ಯ ಕಲಾವಿದ ಯಜಮಾನನಾಗುವ ದಾರಿ ಹೇಗಿತ್ತೆಂಬುದಕ್ಕೆ ಜೆಮಿನಿ ಶಂಕರನ್ ಅವರ ಜೀವನ ಒಳ್ಳೆಯ ನಿದರ್ಶನ. 1924ರಲ್ಲಿ ತಲಶ್ಶೇರಿಯ ಬಳಿ ಶಾಲಾ ಮೇಷ್ಟ್ರೊಬ್ಬರ ಮಗನಾಗಿ ಹುಟ್ಟಿದ ಅವರು ಕೀಲೇರಿಯವರಲ್ಲಿಯೂ ಅನಂತರ ರಾಮನ್ ಅವರಲ್ಲಿಯೂ ಕಲಿತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, ಯುದ್ಧ ಮುಗಿದ ಮೇಲೆ ಕಲ್ಕತ್ತೆಯ ಸರ್ಕಸ್ಸೊಂದಕ್ಕೆ ಕಲಾವಿದರಾಗಿ ಸೇರಿದರು. 1951ರಲ್ಲಿ ಜೊತೆಗಾರ ಸಹದೇವನ್ ಅವರೊಂದಿಗೆ ವಿಜಯಾ ಎಂಬ ಸಣ್ಣ ಸರ್ಕಸ್ಸನ್ನು 6,000 ರೂಪಾಯಿಗೆ ಕೊಂಡು, ಗುಜರಾತಿನ ಬಿಲಿಮೋರಾದಲ್ಲಿ ಅದೇ ವರ್ಷದ ಆಗಸ್ಟ್ 15ರಂದು ಹೊಸ ಹೆಸರಿನಲ್ಲಿ ಪ್ರದರ್ಶನ ಆರಂಭಿಸಿದರು. ಜೆಮಿನಿ ಎಂಬ ಹೆಸರು ಮದರಾಸಿನ ಸಿನಿಮಾ ಸ್ಟುಡಿಯೊದಿಂದ ಬಂದದ್ದೆಂದು ಅನೇಕರು ತಿಳಿದಿದ್ದಾರೆ. ಅದು ಜೂನ್ ತಿಂಗಳಲ್ಲಿ ಹುಟ್ಟಿದ ಶಂಕರನ್ ಅವರ, ಪಾಶ್ಚಾತ್ಯ ಲೆಕ್ಕದ ಮಿಥುನ ರಾಶಿ. ಈ ಸರ್ಕಸ್ 1964ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿಬಂದಿತು, ರಾಜ್ ಕಪೂರರ ‘ಮೇರಾ ನಾಮ್ ಜೋಕರ್’ ಚಿತ್ರದಲ್ಲಿಯೂ ಕಾಣಿಸಿಕೊಂಡಿತು. ಶಂಕರನ್ ಅವರು 2023ರಲ್ಲಿ, ನೂರರ ಹತ್ತಿರದ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಡೇರೆಯೊಳಗಿನ ಬದುಕು. ಸರ್ಕಸ್ಸಿನವರು ಒಂದೂರಿನಲ್ಲಿ ತಂಗುವ ಅವಧಿಯನ್ನು ಕ್ಯಾಂಪ್ ಎನ್ನುತ್ತಾರೆ. ಕರ್ನಾಟಕದ ವೃತ್ತಿ ನಾಟಕ ಕಂಪನಿಗಳವರೂ ಇದೇ ಮಾತನ್ನು ಬಳಸುತ್ತಾರಾದ್ದರಿಂದ ಕನ್ನಡಿಗರಿಗೆ ಇದು ಹೊಸದಲ್ಲ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದನ್ನು ನೆನೆದರೆ ಈ ಎರಡು ಲೋಕಗಳ ನಡುವಿನ ಗೋಡೆ ತೆಳುವಾಗಿತ್ತೆಂಬುದು ತಿಳಿಯುತ್ತದೆ. ಕ್ಯಾಂಪಿಗೆ ಮೊದಲೇ ಮುಂದಿನ ಊರಿಗೆ ಹೋಗಿ ಮೈದಾನ ಹಿಡಿದು, ನಗರಸಭೆ, ಪೊಲೀಸು, ಅಗ್ನಿಶಾಮಕ ದಳ, ವಿದ್ಯುತ್ ಕಚೇರಿಗಳ ಅನುಮತಿ ಪಡೆದು, ನೀರಿನ ವ್ಯವಸ್ಥೆ ಮಾಡಿ ಬರಲು ಮ್ಯಾನೇಜರೊಬ್ಬ ಇರುತ್ತಾನೆ. ಆಮೇಲೆ ಲಾರಿಗಳು ಬರುತ್ತವೆ. ಹಿಂದೆ ರೈಲಿನ ಬೋಗಿಗಳಲ್ಲಿ ಸಾಗುತ್ತಿದ್ದ ದೊಡ್ಡ ಕಂಪನಿಗಳೂ ಇದ್ದವು. ಡೇರೆ ಎಬ್ಬಿಸುವ ಕೆಲಸಗಾರರಿಗೆ ಖಲಾಸಿಗಳೆಂದು ಹೆಸರು. ಡೇರೆಯ ಭಾರವನ್ನೆಲ್ಲ ಹೊರುವ ನಡುಗಂಬಗಳನ್ನು, ಅಂದರೆ ಕಿಂಗ್ ಪೋಲ್‌ಗಳನ್ನು, ಮೊದಲು ನಿಲ್ಲಿಸಿ, ಸುತ್ತ ಗೂಟಗಳನ್ನು ಬಡಿದು, ಹಗ್ಗ ಬಿಗಿದು ಬಟ್ಟೆಯನ್ನು ಮೇಲಕ್ಕೆಳೆಯುತ್ತಾರೆ. ನೆಲ ಗಟ್ಟಿಯೋ ಜೌಗೋ ಎಂಬುದನ್ನು ನೋಡಿ ಗೂಟ ಎಷ್ಟು ಆಳಕ್ಕೆ ಇಳಿಯಬೇಕೆಂದು ಹೇಳಬಲ್ಲ ಹಿರಿಯ ಖಲಾಸಿಯ ಮಾತನ್ನು ಯಜಮಾನನೂ ಮೀರುವುದಿಲ್ಲ, ಏಕೆಂದರೆ ಗಾಳಿಮಳೆಯ ರಾತ್ರಿ ನೂರಾರು ಜೀವಗಳು ಆ ಗೂಟವನ್ನೇ ನಂಬಿರುತ್ತವೆ.

ದೊಡ್ಡ ಡೇರೆಯ ಹಿಂದೆ, ಪ್ರೇಕ್ಷಕರ ಕಣ್ಣಿಗೆ ಬೀಳದ ಕಡೆ, ಸಣ್ಣ ಡೇರೆಗಳ ಒಂದು ಕೇರಿಯೇ ಇರುತ್ತದೆ. ಮದುವೆಯಾದವರಿಗೆ ಪ್ರತ್ಯೇಕ ಡೇರೆ, ಮದುವೆಯಾಗದ ಗಂಡಸರಿಗೆ ಒಂದು ಕಡೆ, ಹುಡುಗಿಯರಿಗೆ ಬೇಲಿ ಹಾಕಿದ ಬೇರೆ ಆವರಣ, ಅದರ ಬಾಗಿಲಲ್ಲಿ ಕಾವಲು. ಒಂಟಿಯಾಗಿರುವವರ ಊಟ ಕಂಪನಿಯ ಮೆಸ್ಸಿನಲ್ಲಿ; ಸಂಸಾರಸ್ಥರು ತಮ್ಮ ಡೇರೆಯ ಮುಂದೆಯೇ ಒಲೆ ಹೂಡುತ್ತಾರೆ. ತಗಡಿನ ಟ್ರಂಕು, ಮಡಚುವ ಮಂಚ, ದೇವರ ಪಟ, ಒಂದು ಟಿ.ವಿ., ಇಷ್ಟೇ ಆಸ್ತಿಯಾದರೂ ಪ್ರತಿ ಊರಿನಲ್ಲಿ ಅವುಗಳನ್ನು ಇಡುವ ಜಾಗ, ಡೇರೆಯಿಂದ ಡೇರೆಗೆ ಇರುವ ನೆರೆಹೊರೆ ಬದಲಾಗದಂತೆ ನೋಡಿಕೊಳ್ಳುತ್ತಾರೆ. ಊರು ಬದಲಾದರೂ ಬೀದಿ ಬದಲಾಗದ ಈ ಏರ್ಪಾಟಿನಿಂದಲೇ ಅಲೆಮಾರಿ ಬದುಕು ಅವರಿಗೆ ಸಹ್ಯವಾಗಿದೆ ಎನ್ನಬಹುದು. ಮಲಯಾಳಿ, ಬಂಗಾಳಿ, ನೇಪಾಳಿ, ಮಣಿಪುರಿ, ಮರಾಠಿಗರೆಲ್ಲ ಸೇರಿರುವ ಈ ಕೇರಿಯ ವ್ಯವಹಾರ ಭಾಷೆ ಒಂದು ಬಗೆಯ ಹಿಂದಿ. ಡೇರೆಯಲ್ಲಿ ಹುಟ್ಟಿದ ಮಗು ಅದನ್ನೇ ಮೊದಲು ಕಲಿತು, ತಾಯಿಯ ಭಾಷೆಯನ್ನು ರಜೆಗೆ ಅಜ್ಜಿಯ ಮನೆಗೆ ಹೋದಾಗ ಕಲಿಯುವುದೂ ಉಂಟು.

ಬೆಳಗಿನ ಹೊತ್ತು ಅಭ್ಯಾಸಕ್ಕೆ ಮೀಸಲು. ದಿನಕ್ಕೆ ಸಾಮಾನ್ಯವಾಗಿ ಮೂರು ಪ್ರದರ್ಶನಗಳು, ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಏಳಕ್ಕೆ. ಅವುಗಳ ನಡುವಣ ಅವಧಿಯಲ್ಲಿ ಅಡುಗೆ, ಬಟ್ಟೆ ಒಗೆತ, ನಿದ್ದೆ. ಒಬ್ಬಳೇ ಕಲಾವಿದೆ ಒಂದು ಪ್ರದರ್ಶನದಲ್ಲಿ ಸೈಕಲ್ ಗುಂಪಿನಲ್ಲಿಯೂ ಏಣಿಯ ಸಮತೋಲದಲ್ಲಿಯೂ ಕಾಣಿಸಿಕೊಂಡು, ಕಡೆಗೆ ಮೇಲಿನ ಉಯ್ಯಾಲೆಗೂ ಹತ್ತುತ್ತಾಳೆ. ಒಂದೊಂದನ್ನೂ ಅವರು ಐಟಂ ಎಂದು ಕರೆಯುತ್ತಾರೆ. ಯಾರಿಗೆ ಎಷ್ಟು ಐಟಂ ಬರುತ್ತದೆ ಎಂಬುದರ ಮೇಲೆ ಸಂಬಳ ನಿಂತಿದೆ, ಮದುವೆಯ ಮಾತುಕತೆಯಲ್ಲಿಯೂ ಅದರ ಪ್ರಸ್ತಾಪ ಬರುತ್ತದೆ. ಡೇರೆಯ ಹೊರಗಿನ ಜನ ಸರ್ಕಸ್ಸಿನ ಹುಡುಗಿಯನ್ನು ನೋಡುವ ನೋಟ ಬೇರೆಯಾಗಿದ್ದುದರಿಂದ, ಹೊರಗೆ ಸಂಬಂಧ ಕೂಡುವುದು ಕಷ್ಟವಿದ್ದುದರಿಂದ, ಕಲಾವಿದರು ಕಲಾವಿದರನ್ನೇ ಮದುವೆಯಾದರು. ಹೀಗೆ ಭಾಷೆ, ಜಾತಿ, ಪ್ರಾಂತ ಮೂರನ್ನೂ ದಾಟಿದ ಮದುವೆಗಳು ಯಾವ ಸುಧಾರಣೆಯ ಘೋಷಣೆಯೂ ಇಲ್ಲದೆ ಅಲ್ಲಿ ಸಹಜವಾಗಿ ನಡೆದುಹೋದವು. ಕಂಪನಿಗೂ ಇದರಿಂದ ಲಾಭವಿತ್ತು. ಜೋಡಿಯಾಗಿ ಐಟಂ ಮಾಡುವ ಗಂಡಹೆಂಡಿರು ಬೇಗ ಕೆಲಸ ಬಿಡುವುದಿಲ್ಲ.

ಇಂಥ ನಂಟಿನ ಅರ್ಥ ಪೂರ್ತಿಯಾಗಿ ಕಾಣುವುದು ಟ್ರಪೀಜಿನಲ್ಲಿ, ಹಿಂದಿ ಬಲ್ಲ ಕಲಾವಿದರ ಮಾತಿನಲ್ಲಿ ಝೂಲಾ. ಫ್ರಾನ್ಸಿನ ಜೂಲ್ ಲಿಯೊಟಾರ್ 1859ರಲ್ಲಿ ಪ್ಯಾರಿಸಿನಲ್ಲಿ ಮೊದಲು ತೋರಿಸಿದ ಈ ಐಟಮ್ಮಿನಲ್ಲಿ ಡೇರೆಯ ನೆತ್ತಿಯಲ್ಲಿ ಎದುರುಬದುರಾಗಿ ಉಯ್ಯಾಲೆಗಳು ತೂಗುತ್ತವೆ. ಒಂದರಲ್ಲಿ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುವವನು ಕ್ಯಾಚರ್, ಅಂದರೆ ಹಿಡಿಯುವವನು; ಇನ್ನೊಂದನ್ನು ಬಿಟ್ಟು ಗಾಳಿಯಲ್ಲಿ ಪಲ್ಟಿ ಹೊಡೆದು ಅವನ ಕೈಗೆ ಬರುವವಳು ಫ್ಲೈಯರ್. ತೂಗಾಟದ ಕಾಲ ತೂಗುವವರ ತೂಕವನ್ನು ಅವಲಂಬಿಸದೆ ಹಗ್ಗದ ಉದ್ದವನ್ನಷ್ಟೇ ಅವಲಂಬಿಸುತ್ತದೆ ಎಂಬ ಲೋಲಕದ ನಿಯಮವೇ ಇದರ ಆಧಾರ. ಹಗ್ಗ ನಾಲ್ಕು ಮೀಟರಿನಷ್ಟಿದ್ದರೆ ಹೋಗಿ ಬರುವ ಒಂದು ಸುತ್ತಿಗೆ ಸುಮಾರು ನಾಲ್ಕು ಸೆಕೆಂಡು ಹಿಡಿಯುತ್ತದೆ, ತೂಗುವವರು ಹಗುರವಾದ ಹುಡುಗಿಯಾಗಲಿ ಭಾರವಾದ ಗಂಡಸಾಗಲಿ. ಆದ್ದರಿಂದ ಇಬ್ಬರೂ ಸರಿಯಾದ ಹೊತ್ತಿಗೆ ಹೊರಟರೆ ಸರಿಯಾದ ಹೊತ್ತಿಗೆ ಸಂಧಿಸುತ್ತಾರೆ. ಹೊರಡುವ ಹೊತ್ತನ್ನು ಗೊತ್ತುಮಾಡಿ ಕೂಗು ಹಾಕುವವನು ಕ್ಯಾಚರನೇ. ಸಂಧಿಸಿದಾಗ ಅಂಗೈಗೆ ಅಂಗೈ ಕೊಡುವುದಿಲ್ಲ, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿಯುತ್ತಾರೆ, ಒಂದು ಹಿಡಿತ ಜಾರಿದರೂ ಇನ್ನೊಂದು ಉಳಿಯಲೆಂದು. ಚಪ್ಪಾಳೆ ಪಲ್ಟಿ ಹೊಡೆದವಳಿಗೆ ಸಲ್ಲುತ್ತದೆ. ಆದರೆ ಅನುಭವ, ತಾಳ್ಮೆ, ಹೆಗಲಿನ ಬಲ ಎಲ್ಲವೂ ಬೇಕಾಗಿರುವುದು ಕ್ಯಾಚರನಿಗಾದ್ದರಿಂದ ಆ ಜಾಗದಲ್ಲಿ ಸಾಮಾನ್ಯವಾಗಿ ವಯಸ್ಸಾದವನು, ಬಹಳ ಸಲ ಅಣ್ಣ, ಗಂಡ ಅಥವಾ ಗುರು, ಇರುತ್ತಾನೆ.

ಜೋಕರನ ಸ್ಥಾನ ಇನ್ನೂ ವಿಚಿತ್ರ. ಎಲ್ಲರೂ ನುಣುಪಾಗಿ ಮಾಡಿ ಮುಗಿಸಿದ ಐಟಮ್ಮನ್ನು ತಪ್ಪುತಪ್ಪಾಗಿ ಮಾಡಿ ನಗಿಸುವುದು ಅವನ ಕೆಲಸ, ಹಾಗೆ ತಪ್ಪು ಮಾಡಿಯೂ ಬೀಳದಿರಬೇಕಾದರೆ ಮೂಲ ವಿದ್ಯೆ ಉಳಿದವರಿಗಿಂತ ಚೆನ್ನಾಗಿ ಬರಬೇಕು. ಆದ್ದರಿಂದ ಹಿಂದಿನ ಜೋಕರರಲ್ಲಿ ಅನೇಕರು ವಯಸ್ಸಿನಿಂದ ಐಟಂ ಬಿಟ್ಟ ಹಿರಿಯ ಕಲಾವಿದರಾಗಿದ್ದರು. ಕುಳ್ಳರಾದ ಕಲಾವಿದರಿಗೆ ಹೊರಗಿನ ಲೋಕ ಗೇಲಿಯನ್ನಷ್ಟೇ ಕೊಟ್ಟ ಕಾಲದಲ್ಲಿ ಸರ್ಕಸ್ಸು ಅದೇ ಗೇಲಿಗೆ ಸಂಬಳವನ್ನೂ ಸೇರಿಸಿ ಕೊಟ್ಟಿತು ಎಂದರೆ ಮಾತು ಕಟುವಾಗಬಹುದು, ಸುಳ್ಳಾಗದು.

ಮಕ್ಕಳ ವಿಷಯದಲ್ಲಿ ಈ ಸಮುದಾಯದ ಹಿರಿಮೆಯೂ ಪಾಪವೂ ಒಟ್ಟಿಗೇ ಇವೆ. ಬೆನ್ನುಮೂಳೆ ಬಿಲ್ಲಿನಂತೆ ಬಾಗುವ, ಸರ್ಕಸ್ಸಿನಲ್ಲಿ ಬೋನ್‌ಲೆಸ್ ಎಂದು ಕರೆಯುವ ಐಟಮ್ಮಿಗೆ ಆರೇಳು ವರ್ಷದ ಎಳೆ ಮೈಯೇ ಬೇಕು. ಆದುದರಿಂದ ಕಲಾವಿದರ ಮಕ್ಕಳು ನಡೆಯಲು ಕಲಿತ ಸ್ವಲ್ಪ ಕಾಲಕ್ಕೇ ರಿಂಗಿನಲ್ಲಿ ಹೊರಳಾಡುತ್ತ ಕಲಿತರು. ತಂದೆತಾಯಿ ಕಣ್ಣೆದುರಿಗೇ ಇದ್ದ ಮಕ್ಕಳ ಮಾತು ಅದು. ತಲಶ್ಶೇರಿಯಿಂದ ಹುಡುಗರು ಬರುವುದು ನಿಂತಮೇಲೆ ದಲ್ಲಾಳಿಗಳ ಮೂಲಕ ನೇಪಾಳದ ಬಡ ಹಳ್ಳಿಗಳಿಂದ, ಬಂಗಾಳ ಅಸ್ಸಾಮುಗಳಿಂದ, ಮುಂಗಡ ಹಣ ಕೊಟ್ಟು, ವರ್ಷಗಟ್ಟಲೆಯ ಕರಾರಿಗೆ ಓದುಬಾರದ ತಂದೆಯ ಹೆಬ್ಬೆಟ್ಟು ಒತ್ತಿಸಿಕೊಂಡು ತಂದ ಮಕ್ಕಳಿಗೆ ಆ ರಕ್ಷಣೆ ಇರಲಿಲ್ಲ. ಶಾಲೆಯಿಲ್ಲದೆ, ಹೊಡೆತ ತಿಂದು, ಮನೆಗೆ ಮರಳಲಾಗದೆ ಬೆಳೆದ ಇಂಥವರನ್ನು ಬಿಡಿಸುವ ಕಾರ್ಯಾಚರಣೆಗಳು 2000ದ ದಶಕದಲ್ಲಿ ನಡೆದವು. 2004ರಲ್ಲಿ ಉತ್ತರ ಪ್ರದೇಶದಲ್ಲಿ ಇಂಥದೊಂದು ಪ್ರಯತ್ನದಲ್ಲಿ ಕೈಲಾಶ್ ಸತ್ಯಾರ್ಥಿಯವರ ಮೇಲೆ ಹಲ್ಲೆಯಾಯಿತು. ಅವರ ಬಚಪನ್ ಬಚಾವೋ ಆಂದೋಲನವು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಏಪ್ರಿಲ್ 18ರಂದು, ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವ ಅಧಿಸೂಚನೆ ಹೊರಡಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಆ ಕಾರ್ಯಾಚರಣೆಗಳಲ್ಲಿ ಬಿಡುಗಡೆಯಾದ ನೇಪಾಳದ ತರುಣರಲ್ಲಿ ಕೆಲವರು 2010ರಲ್ಲಿ ಸರ್ಕಸ್ ಕಾಠ್ಮಂಡು ಎಂಬ ತಮ್ಮದೇ ತಂಡ ಕಟ್ಟಿ, ಬಲವಂತದಿಂದ ಕಲಿತ ವಿದ್ಯೆಯನ್ನು ಸ್ವಂತ ಇಚ್ಛೆಯಿಂದ ಪ್ರದರ್ಶಿಸತೊಡಗಿದರು.

ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹದಿನಾಲ್ಕರೊಳಗಿನ ಮಗು ಶಾಲೆ ಮುಗಿಸಿ ಬಂದು ಕುಟುಂಬದ ಅಪಾಯವಿಲ್ಲದ ಕಸುಬಿಗೆ ನೆರವಾಗಬಹುದು, ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ನಟಿಸಬಹುದು, ಕ್ರೀಡೆಗಳಲ್ಲಿ ಭಾಗವಹಿಸಬಹುದು ಎಂದು ವಿನಾಯಿತಿ ಕೊಟ್ಟ ಆ ಕಾಯಿದೆ, ಸರ್ಕಸ್ಸನ್ನು ಮಾತ್ರ ಹೆಸರಿಸಿಯೇ ಹೊರಗಿಟ್ಟಿದೆ. ಹಿಂದಿನ ದೌರ್ಜನ್ಯವನ್ನು ನೋಡಿದರೆ ಇದು ನ್ಯಾಯವೇ. ಆದರೂ ಅದೇ ವಯಸ್ಸಿನ ಮಗು ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ಮೈ ಬಾಗಿಸಿದರೆ ಪ್ರತಿಭೆ, ರಿಂಗಿನಲ್ಲಿ ಬಾಗಿಸಿದರೆ ಅಪರಾಧ ಎಂಬಲ್ಲಿ, ಯಾವ ವಿದ್ಯೆ ಯಾರ ಮಕ್ಕಳದು ಎಂಬ ಎಣಿಕೆಯೂ ಸ್ವಲ್ಪ ಬೆರೆತಿದೆ. ಜರ್ಮನಿಯ ನಾರ್ಡ್‌ರೈನ್ ವೆಸ್ಟ್‌ಫಾಲೆನ್ ಪ್ರಾಂತದಲ್ಲಿ 1994ರಿಂದ ಸರ್ಕಸ್ ಮಕ್ಕಳಿಗಾಗಿಯೇ ಅವರಿದ್ದಲ್ಲಿಗೆ ವಾಹನದಲ್ಲಿ ಹೋಗಿ ಪಾಠ ಹೇಳುವ ಮಾನ್ಯತೆ ಪಡೆದ ಶಾಲೆ ನಡೆಯುತ್ತಿದೆ. ಭಾರತದ ಸರ್ಕಸ್ ದಂಪತಿಗಳ ಮುಂದಿದ್ದದ್ದು ಮಗುವನ್ನು ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಡುವ ದಾರಿ ಮಾತ್ರ, ಹಾಗೆ ಬಿಟ್ಟ ಮಗು ಓದಿಕೊಂಡು ಡೇರೆಗೆ ಮರಳದಿರಲಿ ಎಂಬುದೇ ಬಹುತೇಕ ತಂದೆತಾಯಿಗಳ ಬಯಕೆಯೂ ಆಗಿತ್ತು. ಹೀಗೆ ನೋಡಿದರೆ ಸರ್ಕಸ್ ಮನೆತನಗಳ ಕೊಂಡಿ ಕಳಚಿದ್ದು ಕೋರ್ಟಿನ ಆದೇಶಕ್ಕಿಂತ ಮೊದಲೇ, ಮನೆಯವರ ಕೈಯಿಂದಲೇ.

ತಲಶ್ಶೇರಿಯಲ್ಲಿ ಅದು ಇನ್ನೂ ಬೇಗ ನಡೆದಿತ್ತು. ಭೂಸುಧಾರಣೆ, ಎಲ್ಲರಿಗೂ ಶಾಲೆ, ಎಪ್ಪತ್ತರ ದಶಕದಿಂದ ತೆರೆದುಕೊಂಡ ಕೊಲ್ಲಿ ದೇಶಗಳ ನೌಕರಿ, ಇವು ಮೂರೂ ಸೇರಿ, ಹಸಿವಿನಿಂದ ಸರ್ಕಸ್ ಸೇರುವ ಅಗತ್ಯವನ್ನು ಅಳಿಸಿದವು. ಕೇರಳ ಸರ್ಕಾರ 2010ರಲ್ಲಿ ಅಲ್ಲಿ ಸರ್ಕಸ್ ಅಕಾಡೆಮಿಯೊಂದನ್ನು ತೆರೆಯಿತಾದರೂ ಅದು ಹೆಚ್ಚು ಕಾಲ ಬಾಳಲಿಲ್ಲ. ಕಷ್ಟದಲ್ಲಿರುವ ನಿವೃತ್ತ ಕಲಾವಿದರಿಗೆ ಸರ್ಕಾರ ಕೊಡುತ್ತಿರುವ ಪಿಂಚಣಿಯೇ ಹೆಚ್ಚು ಉಪಯುಕ್ತವಾದದ್ದು.

ಕರ್ನಾಟಕದ ನೆನಪಿನಲ್ಲಿ ಸರ್ಕಸ್ಸಿನ ಹೆಸರಿನೊಡನೆ ಒಂದು ದೊಡ್ಡ ದುರಂತವೂ ಬೆಸೆದುಕೊಂಡಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಪ್ರಾಣಿಗಳ ಕಥೆಯ ಕೊನೆಯ ಅಧ್ಯಾಯವೂ ಭಾಗಶಃ ಇಲ್ಲಿಯೇ ನಡೆಯಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ನಿಷೇಧಿಸಿದ 1998ರ ಅಧಿಸೂಚನೆಯನ್ನು ಸರ್ಕಸ್ ಮಾಲೀಕರು ಪ್ರಶ್ನಿಸಿದರು. 2000ದಲ್ಲಿ ಕೇರಳ ಹೈಕೋರ್ಟು, 2001ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿದವು. ಡೇರೆಗಳಿಂದ ಬಿಡಿಸಿದ ಸಿಂಹ, ಹುಲಿಗಳಿಗೆ ಆಸರೆ ಕೊಡಲು ದೇಶದಲ್ಲಿ ತೆರೆದ ಕೇಂದ್ರಗಳಲ್ಲಿ ಬನ್ನೇರುಘಟ್ಟವೂ ಒಂದು. ಬೋನಿನಲ್ಲಿ ಹುಟ್ಟಿ ಬೆಳೆದ ಆ ಮೃಗಗಳನ್ನು ಕಾಡಿಗೆ ಬಿಡುವಂತಿರಲಿಲ್ಲವಾದ್ದರಿಂದ ಅವು ಅಲ್ಲೇ ಮುದಿಯಾದವು. ಮೃಗಗಳೊಡನೆ ಹೋದದ್ದು ರಿಂಗ್ ಮಾಸ್ಟರನೆಂಬ ಇಡೀ ಒಂದು ಕಸುಬು. ಪ್ರಾಣಿಯ ಕಣ್ಣು, ಬಾಲ, ಕಿವಿಗಳನ್ನು ಓದುವ ಆ ತಿಳಿವಳಿಕೆ ಬರವಣಿಗೆಗೆ ಇಳಿದದ್ದು ಬಹಳ ಕಡಿಮೆ.

ಇಂದು ಓಡಾಡುತ್ತಿರುವ ಕಂಪನಿಗಳಲ್ಲಿ ಯಜಮಾನಿಕೆ ಮಾತ್ರ ವಂಶದಲ್ಲಿ ಇಳಿಯುತ್ತಿದೆ. ಕಲಾವಿದರು ಇಥಿಯೋಪಿಯ, ಟಾಂಜಾನಿಯ, ಮಂಗೋಲಿಯ, ರಷ್ಯಗಳಿಂದ ವೀಸಾದ ಅವಧಿಗೆ ಬರುವ ತಂಡಗಳು, ಜೊತೆಗೆ ಬಂಗಾಳ, ಅಸ್ಸಾಂ, ಮಣಿಪುರ, ನೇಪಾಳಗಳ ವಯಸ್ಕರು. 2020ರ ಲಾಕ್‌ಡೌನಿನಲ್ಲಿ ಕ್ಯಾಂಪುಗಳು ಇದ್ದಲ್ಲೇ ಸಿಕ್ಕಿಬಿದ್ದಾಗ ರ‍್ಯಾಂಬೊ ಸರ್ಕಸ್ಸಿನವರು ಪ್ರದರ್ಶನವನ್ನು ಚಿತ್ರೀಕರಿಸಿ ಆನ್‌ಲೈನಿನಲ್ಲಿ ಟಿಕೆಟ್ ಮಾರಿದರು. ಕಲಿಕೆ ಹದಿನೆಂಟರ ಆಸುಪಾಸಿನಲ್ಲಿ ಆರಂಭವಾಗುವುದರಿಂದ ಐಟಮ್ಮುಗಳ ಪಟ್ಟಿಯೇ ಬದಲಾಗಿದೆ. ಕಬ್ಬಿಣದ ಗೋಳದೊಳಗೆ ಮೋಟಾರ್ ಸೈಕಲ್ ಓಡಿಸುವುದು, ಬಟ್ಟೆಯ ಪಟ್ಟಿ ಹಿಡಿದು ಮೇಲೇರುವುದು, ಜೋಕರನ ಪ್ರಹಸನ, ಇವು ದೊಡ್ಡವರಾದ ಮೇಲೂ ಕಲಿಯಬಹುದಾದ್ದರಿಂದ ಉಳಿದಿವೆ. ಬೋನ್‌ಲೆಸ್ ಐಟಮ್ಮಿಗೆ ಮಂಗೋಲಿಯದಂಥ ಕಡೆಯಿಂದ, ಅಲ್ಲಿನ ಶಾಲೆಗಳಲ್ಲಿ ಕಲಿತವರನ್ನು ಕರಾರಿನ ಮೇಲೆ ಕರೆಸಿಕೊಳ್ಳಬೇಕಾಗಿದೆ, ಅದರ ಖರ್ಚನ್ನು ಕೊಡಬಲ್ಲ ಕಂಪನಿಗಳು ಬೆರಳೆಣಿಕೆಯಷ್ಟು.